ಹೂವಿನ ಕಾರಿನ ಓಟ

ಕಾರು ಮನೆಗೆ ಬಂದ ವಾರದೊಳಗೇ ಅಜೀಮ ಅದರ ನೆಲಹಾಸು ಕಿತ್ತ. ಸುಟ್ಟ ಬೋರ್‌ವೆಲ್ ಮೋಟಾರುಗಳನ್ನು ಹೊಲದಿಂದ ತಂದು, ಹೊಸ ತಂತಿ ಸುತ್ತಿ ಕೊಡುವುದು ಅವನ ಕಸುಬು. ಹಗರಿಬೊಮ್ಮನಹಳ್ಳಿಯಲ್ಲಿ ಅವನದೊಂದು ಸಣ್ಣ ಅಂಗಡಿ. ಇಷ್ಟು ವರ್ಷ ಮೋಟಾರನ್ನು ಬೈಕಿಗೆ ಹಗ್ಗದಲ್ಲಿ ಬಿಗಿದು ತರುತ್ತಿದ್ದವನಿಗೆ ಇದೇ ಮೊದಲ ಕಾರು. ಎಣ್ಣೆ ಸೋರಿದರೆ ಕೆಡದಿರಲೆಂದು ಹಾಸು ತೆಗೆದು ತಗಡು ಹಾಕುವುದು ಅವನ ಯೋಚನೆ.

ಎತ್ತಿದರೆ ಅಡಿಯಲ್ಲಿ ಕಂದು ಬಣ್ಣದ ಎಂಥದೋ ಪದರ. ಕೈಗೆ ತಗೊಂಡು ತಿಕ್ಕಿದ. ಒಣಗಿದ ಮಲ್ಲಿಗೆ ಮೊಗ್ಗು. ಸೀಟಿನ ಕಂಬಿಗಳ ಸಂದಿಯಲ್ಲಿ, ಸ್ಟೆಪ್ನಿ ಇಡುವ ಗುಂಡಿಯಲ್ಲಿ, ಎಲ್ಲಿ ಬೆರಳಿಟ್ಟರೂ ಮೊಗ್ಗು. ಕೆರೆಯ ತಳದಲ್ಲಿ ಹೂಳು ಕೂತ ಹಾಗೆ ಕೂತುಬಿಟ್ಟಿತ್ತು.

ಅಪ್ಪ ಮಕ್ತುಂ ಸಾಬ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಡಾಕ್ಟರ್ ಗಾಡಿ ಅಂದಿದ್ಯಲ್ಲೋ. ಯಾವ ರೋಗಕ್ಕ ಇಷ್ಟು ಮಲ್ಲಿಗಿ ಕೊಡ್ತಿದ್ನಂತ ಆ ಡಾಕ್ಟರು?"

ಅಜೀಮನಿಗೆ ಕಿವಿ ಬಿಸಿಯಾಯಿತು. ಕೂಡ್ಲಿಗಿ ರಸ್ತೆಯಲ್ಲಿ ಹಳೇ ಕಾರು ಮಾರುವ ಕ್ರಾಂತಿಕುಮಾರ್ ಹೇಳಿದ್ದು ಹಾಗೇ. ಡಾಕ್ಟರು ಭಾನುವಾರಕ್ಕೊಮ್ಮೆ ಹೊರಗೆ ತೆಗೆಯುತ್ತಿದ್ದ ಕಾರು, ನಲವತ್ತೊಂದು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ. ಫೋನಿನಲ್ಲಿ ಗಾಡಿಯ ಇತಿಹಾಸದ ರಿಪೋರ್ಟನ್ನೂ ತೆಗೆದು ತೋರಿಸಿದ್ದ. ಒಬ್ಬನೇ ಮಾಲೀಕ, ಅಪಘಾತವಿಲ್ಲ, ಮೀಟರ್ ಸರಿ ಇದೆ. ಎಲ್ಲದರ ಮುಂದೆ ಹಸಿರು ಗುರುತು. ಗ್ಯಾರೇಜಿನವರನ್ನು ಯಾರನ್ನಾದರೂ ಕರೆದುಕೊಂಡು ಹೋಗು ಎಂದು ಅಪ್ಪ ಬಡಿದುಕೊಂಡರೂ ಅಜೀಮ ಕೇಳಿರಲಿಲ್ಲ. "ಇದರಾಗ ಎಲ್ಲಾ ಬರ್ದೈತಿ ಅಬ್ಬಾ" ಎಂದಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಕಾಗದ ಹಿಡಿದವರೆಲ್ಲ ಅಂದಿನಿಂದ ಅವನನ್ನು ಹೆದರಿಸುತ್ತಲೇ ಬಂದಿದ್ದರು. ಈ ಸಲ ಕಾಗದ ತನ್ನ ಕಡೆ ಇದೆ ಎಂದು ನಂಬಿದ್ದ. ಅದೇ ಅವನನ್ನು ಸುಡುತ್ತಿದ್ದದ್ದು.

ಇಷ್ಟು ಹೂ ಹೊತ್ತ ಗಾಡಿ ದಿನವೂ ಓಡಿರಲೇಬೇಕು, ಮೀಟರನ್ನು ಹಿಂದಕ್ಕೆ ತಿರುವಿದ್ದಾರೆ ಎಂದು ಹೋಗಿ ಕೇಳಿದರೆ ಕ್ರಾಂತಿಕುಮಾರ್ ಕುರ್ಚಿಯಿಂದ ಏಳಲೂ ಇಲ್ಲ. "ನಾಲ್ಕು ಒಣ ಹೂ ತಂದು ತೋರಿಸಿದ್ರ ರಿಪೋರ್ಟ್ ಸುಳ್ಳಾಗ್ತೈತೇನು ಭಾಯಿ? ನಾಳಿ ಒಣ ಮೆಣಸಿನಕಾಯಿ ತಂದೀಯ. ಸಾಕ್ಷಿ ಇದ್ರ ಕರ್ಕೊಂಡು ಬಾ, ರೊಕ್ಕ ವಾಪಸ್. ಅಲ್ಲಿ ಮಟ ಗಿರಾಕಿ ಮುಂದ ಬಾಯಿ ಮಾಡಬ್ಯಾಡ."

ಸಾಕ್ಷಿ ಎಂದರೆ ಒಬ್ಬನೇ. ಆರ್.ಸಿ.ಯಲ್ಲಿದ್ದ ಹಳೆಯ ಮಾಲೀಕ, ಇಟ್ಟಿಗಿ ಊರಿನ ಶಿವಯೋಗಪ್ಪ. ಡಾಕ್ಟರೂ ಅವನೇ ಇರಬೇಕು, ಕಳ್ಳತನದಲ್ಲಿ ಪಾಲೂ ಇರಬೇಕು. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಳ್ಳುತ್ತ ಅಜೀಮ ಕಾರನ್ನು ಇಟ್ಟಿಗಿಗೆ ಓಡಿಸಿದ.

ಕಟ್ಟೆಯ ಮೇಲೆ ಕೂತಿದ್ದ ಮುದುಕ ಎದ್ದು ಬಂದವನು ಅಜೀಮನನ್ನು ನೋಡಲೇ ಇಲ್ಲ. ನೇರ ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ಜ್ವರ ನೋಡುವವರ ಹಾಗೆ.

"ಡಾಕ್ಟರು ನೀವೇ ಏನ್ರಿ?" ಅಜೀಮ ಕೇಳಿದ.

"ನಾನ್ಯಾವ ಡಾಕ್ಟರೋ ತಮ್ಮಾ. ಹೂವಿನ ಶಿವಯೋಗಪ್ಪ ನಾನು."

"ಹಂಗಾರ ಮೀಟರ್ ಯಾಕ ತಿರುವಿದ್ರಿ ಯಜಮಾನ್ರ?"

ಮುದುಕನಿಗೆ ಮಾತು ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡು ಕಿಟಕಿಯೊಳಗೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ತಲೆ ಹೊರಗೆ ತೆಗೆದಾಗ ಅವನ ಮುಖ ಯಾರೋ ಕೆನ್ನೆಗೆ ಹೊಡೆದಂತಿತ್ತು.

"ನೀಲಗಂಗಾ, ಬಾ ಇಲ್ಲಿ. ನಾನು ಹತ್ತು ವರ್ಷ ಎಲ್ಲಿಗೂ ಹೋಗಿಲ್ಲಂತ ನೋಡು."

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದಳು. ಅಜೀಮ ಮೀಟರಿನ ಅಂಕಿ ಓದಿ ಹೇಳಿದ. ಆಕೆ ಗಂಡನನ್ನೊಮ್ಮೆ, ಕಾರನ್ನೊಮ್ಮೆ ನೋಡಿದಳು. "ಹಂಗಾರ ಹತ್ತು ವರ್ಷ ಕತ್ತಲಾಗ ಎದ್ದು ನಾನು ಯಾರಿಗೆ ಬುತ್ತಿ ಕಟ್ಟಿದ್ನಿ? ನಲವತ್ತೊಂದು ಸಾವಿರ ಅಂದ್ರ ಇವರು ದಾರ್‍ಯಾಗ ಚಾ ಕುಡಿಯಾಕ ತಿರುಗಿದ್ದು."

ಜೋಡಿಸಿಟ್ಟುಕೊಂಡಿದ್ದ ಬೈಗುಳ ಅಜೀಮನ ಬಾಯಲ್ಲೇ ಉಳಿಯಿತು. ಶಿವಯೋಗಪ್ಪ ಕಾರಿಗೆ ಒರಗಿ ನಿಂತೇ ಹೇಳುತ್ತ ಹೋದ. ಹಡಗಲಿ ಸೀಮೆಯ ತೋಟಗಳಲ್ಲಿ ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಹಿಂದಿನ ಸೀಟು ಮಡಚಿ ತುಂಬಿ, ಹರಪನಹಳ್ಳಿ ದಾಟಿ ದಾವಣಗೆರೆಗೆ ಮುಟ್ಟಿಸುವುದು ಅವನ ಕೆಲಸವಾಗಿತ್ತು. ಮೊಗ್ಗು ಅರಳಿತೋ, ಕೇಳುವವರಿಲ್ಲ. ಹಾಗಾಗಿ ಮುಂಜಾನೆ ಹೊರಟರೆ ಮುಟ್ಟಿಸುವವರೆಗೆ ಎಲ್ಲಿಯೂ ನಿಲ್ಲುವ ಹಾಗಿಲ್ಲ. ವಾಪಸು ಬಂದು ಮರುದಿನ ಮತ್ತೆ ಅದೇ ದಾರಿ, ಹೂವಿನ ಸುಗ್ಗಿ ಮುಗಿಯುವವರೆಗೆ.

"ಒಂದು ದಿನನೂ ಗಾಡಿ ನಡುದಾರ್‍ಯಾಗ ಕೈ ಕೊಟ್ಟಿಲ್ಲ. ಮೂರು ಲಕ್ಷ ಆದ ದಿನ ಮೀಟರಿಗೆ ಹೂವು ಏರಿಸಿದ್ವಿ. ಮಾರೂ ಮುಂದ ಮೂರು ಲಕ್ಷದ ಹನ್ನೆರಡು ಸಾವಿರ ಇತ್ತು. ಅಷ್ಟೂ ಹೇಳೇ ಕೊಟ್ಟೀನಿ ಆ ಕ್ರಾಂತಿಕುಮಾರಗ. ಕಣ್ಣು ಮಂಜಾತು, ಅದಕ್ಕ ಮಾರಿದ್ನಿ."

"ರಿಪೋರ್ಟಿನಾಗ ಅದ್ಯಾವುದೂ ಇಲ್ಲಲ್ರೀ."

"ಮೊದಲ್ನೇ ವರ್ಷ ಬಿಟ್ರ ಸರ್ವಿಸಿಗೆ ನಾನು ಕಂಪನಿ ಕಡೆ ಹೋಗೇ ಇಲ್ಲ. ಕೊಟ್ಟೂರಿನ್ಯಾಗ ರಸ್ತಿ ಬದಿ ಗ್ಯಾರೇಜಿನ್ಯಾಗ ರಿಪೇರಿ. ಎಷ್ಟು ಓಡೈತಿ ಅಂತ ಅಲ್ಲಿ ಬರಿಯೋರು ಯಾರದಾರ?"

ನೀಲಗಂಗಮ್ಮ ತನ್ನ ಫೋನು ತಂದು ಫೋಟೊ ತೋರಿಸಿದಳು. ಮೂರರ ಪಕ್ಕದಲ್ಲಿ ಐದು ಸೊನ್ನೆ, ಸುತ್ತಲೂ ಮಲ್ಲಿಗೆ ದಂಡೆ, ಗಾಜಿನಲ್ಲಿ ಶಿವಯೋಗಪ್ಪನ ಮಸುಕು ಮುಖ.

ಅಜೀಮ ಕಾರನ್ನು ನೋಡಿದ. ಭೂಮಿಗೆ ಎಷ್ಟೋ ಸಲ ಸುತ್ತು ಹಾಕುವಷ್ಟು ಓಟ. ಆದರೂ ದಾವಣಗೆರೆಯ ಆಚೆ ಏನಿದೆ ಎಂದು ನೋಡದ ಕಾರು. ಎಷ್ಟು ಮದುವೆಯ ಮಾಲೆ, ಎಷ್ಟು ಜಡೆ, ಎಷ್ಟು ದೇವರು, ಎಷ್ಟು ಹೆಣ. ಎಲ್ಲದಕ್ಕೂ ಇದೇ ಹೊತ್ತಿದೆ, ಅರಳುವ ಮೊದಲು ಮುಟ್ಟಿಸಿದೆ. ಮೋಸ ಹೋದದ್ದು ತಾನೊಬ್ಬನೇ ಎಂದುಕೊಂಡಿದ್ದ. ಈ ಮನುಷ್ಯನದಂತೂ ಹತ್ತು ವರ್ಷವನ್ನೇ ಒರೆಸಿ ಹಾಕಿದ್ದರು. ಮತ್ತೆ ಸಿಟ್ಟು ಬಂತು, ಮೊದಲಿನದಕ್ಕಿಂತ ದೊಡ್ಡದು.

"ಬರ್ತೀರೇನ್ರಿ ನನ್ನ ಜೊತಿ?"

"ಅಂಗಿ ಹಾಕ್ಕೊಂಡು, ಆಕಿ ಫೋನೂ ತಗೊಂಡು ಬರ್ತೀನಿ ತಡಿ" ಎಂದ ಶಿವಯೋಗಪ್ಪ.

ಕೂಡ್ಲಿಗಿ ರಸ್ತೆಯ ಕಾರಿನಂಗಡಿಯ ಅಂಗಳದಲ್ಲಿ ಅಂದು ಗಿರಾಕಿಗಳ ಗದ್ದಲ. ಮುದುಕನನ್ನೂ ಫೋಟೊವನ್ನೂ ನೋಡಿದ ಕ್ರಾಂತಿಕುಮಾರ್ ಇಬ್ಬರನ್ನೂ ಗಾಜಿನ ಕೋಣೆಯೊಳಗೆ ಕರೆದು ಬಾಗಿಲು ಹಾಕಿದ. "ಗಾಡಿ ಬಿಟ್ಟು ಹೋಗು ಭಾಯಿ. ನಿನ್ನ ರೊಕ್ಕ ಇವತ್ತೇ ಕೊಡ್ತೀನಿ. ಮಾತು ಇಲ್ಲಿಗೇ ಮುಗೀಲಿ."

ಅಜೀಮ ಬಂದದ್ದೇ ಅದಕ್ಕೆ. ಹೂಂ ಎಂದರೆ ಮುಗಿಯಿತು, ಅಪ್ಪನ ಮುಂದೆ ತಲೆ ಎತ್ತಬಹುದು. ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಆಚೆ ಒಂದು ಕೆಂಪು ಕಾರು ಕಂಡಿತು. ಯಾರೋ ಗಂಡ ತನ್ನ ಹೆಂಡತಿಗೆ ಫೋನಿನಲ್ಲಿ ರಿಪೋರ್ಟು ತೋರಿಸುತ್ತಿದ್ದ. ಬೆರಳಿಂದ ಒಂದೊಂದೇ ಹಸಿರು ಗುರುತು ಮುಟ್ಟಿ ಮುಟ್ಟಿ ತೋರಿಸುತ್ತಿದ್ದ.

"ನಾನು ಬಿಟ್ಟು ಹೋದ್ರ ಇದನ್ನ ಎಷ್ಟು ಓಡೈತಿ ಅಂತ ಮಾರ್ತಿ?" ಅಜೀಮ ಕೇಳಿದ.

ಕ್ರಾಂತಿಕುಮಾರ್ ಮೇಜಿನ ಖಾನೆ ತೆರೆದು ನೋಟು ಎಣಿಸತೊಡಗಿದ.

"ರೊಕ್ಕ ಬ್ಯಾಡ. ಗಾಡಿ ನಂದೇ. ಹೊರಗ ಬಂದು ಮೀಟರ್ ಮುಂದಕ್ಕ ತಿರುವು. ಇಲ್ಲಾಂದ್ರ ಈ ಫೋಟೊ ತಗೊಂಡು ಇಬ್ರೂ ಠಾಣಿಗೆ ಹೋಗ್ತೀವಿ."

"ತಲಿ ಕೆಟ್ಟೈತೇನು? ಮುಂದಕ್ಕ ತಿರುವು ಅಂತ ಇಲ್ಲಿ ಮಟ ಯಾರೂ ಕೇಳಿಲ್ಲ."

"ನಾನು ಕೇಳಾಕತ್ತೀನಿ."

ಕಾರನ್ನು ಮೂಲೆಯ ತಗಡಿನ ಶೆಡ್ಡಿಗೆ ಹಾಕಿಸಿ ಸದ್ದಿಲ್ಲದೆ ಮುಗಿಸುವುದು ಕ್ರಾಂತಿಕುಮಾರನ ಲೆಕ್ಕ. ಆದರೆ ಶಿವಯೋಗಪ್ಪ ಅಂಗಳದಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ಬರ್ರಿ, ನನ್ನ ಓಟ ವಾಪಸ್ ಕೊಡ್ತಾರಂತ, ನೋಡಾಕ ಬರ್ರಿ" ಎನ್ನುತ್ತ ನಡೆದ. ಕಾರಿನ ಸುತ್ತ ಜನ ಕಟ್ಟಿತು.

ಸ್ಟೇರಿಂಗಿನ ಕೆಳಗೆ ವೈರು ಚುಚ್ಚಿ, ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಕ್ರಾಂತಿಕುಮಾರ್ ಅಂಕಿ ಒತ್ತಿದ. ಮೀಟರ್ ಒಮ್ಮೆ ಕಪ್ಪಾಯಿತು. ಮತ್ತೆ ಬೆಳಗಿದಾಗ ಮೂರು ಲಕ್ಷದ ಹನ್ನೆರಡು ಸಾವಿರ. ಹತ್ತು ವರ್ಷ ಓಡಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಕೂತಿತ್ತು. ಅಷ್ಟು ದೊಡ್ಡ ಅಂಕಿಯನ್ನು ಸುತ್ತ ನಿಂತವರಾರೂ ಕಾರಿನಲ್ಲಿ ಕಂಡಿರಲಿಲ್ಲ. ಅಷ್ಟು ಸಲೀಸಾಗಿ ಅದು ಬದಲಾಗುತ್ತದೆಂದೂ ಅವರಿಗೆ ಗೊತ್ತಿರಲಿಲ್ಲ. ಶಿವಯೋಗಪ್ಪ ಬಗ್ಗಿ ಒಂದೊಂದೇ ಅಂಕಿಯನ್ನು ಬಾಯಿಬಿಟ್ಟು ಓದಿದ.

ಕೆಂಪು ಕಾರಿನ ಹೆಂಗಸು ಮುಂದೆ ಬಂದಳು. "ಅಣ್ಣಾರ, ಹಂಗೇ ನಮ್ಮ ಗಾಡಿಗೂ ಆ ವೈರ್ ಚುಚ್ಚಿ ನೋಡ್ರಿ. ಎಷ್ಟಾಗ್ತೈತೋ."

ಕ್ರಾಂತಿಕುಮಾರ್ ವೈರು ಸುತ್ತತೊಡಗಿದ. ಜನ ಒಬ್ಬೊಬ್ಬರಾಗಿ ತಾವು ನೋಡಿಟ್ಟಿದ್ದ ಕಾರುಗಳ ಕಡೆ ತಿರುಗಿದರು.

ವಾಪಸು ಹೋಗುವಾಗ ಅಜೀಮ ಕೀಲಿ ಚಾಚಿದ. ಮುದುಕ ಬೇಡವೆಂದ. "ಹಿಂದ ಕುಂದರ್ತೀನಿ. ಒಂದು ದಿನನೂ ಕುಂತಿಲ್ಲ ಅಲ್ಲಿ."

ಇಟ್ಟಿಗಿ ಹತ್ತಿರವಾಗುತ್ತಿದ್ದಂತೆ ಹಿಂದಿನಿಂದ ಸಣ್ಣ ದನಿ ಬಂತು. "ಈಗ ಬಲಕ್ಕ ಸ್ವಲ್ಪ ಸರಿ ತಮ್ಮಾ. ಅಲ್ಲೊಂದು ಗುಂಡಿ ಐತಿ."

ಗುಂಡಿ ಇರಲಿಲ್ಲ. ಅದನ್ನು ಯಾವಾಗಲೋ ಮುಚ್ಚಿ ಡಾಂಬರು ಹಾಕಿದ್ದರು, ರಸ್ತೆ ಕಣ್ಣು ಹಾಯುವವರೆಗೂ ನುಣ್ಣಗಿತ್ತು. ಅಜೀಮ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ, ಮೆಲ್ಲಗೆ ಸುತ್ತು ಹಾಕಿ ದಾಟಿದ.