ಮಾವನ ಮಣಿಕಟ್ಟು

ಅಂಗಡಿಯಲ್ಲಿ ಐದು ನಿಮಿಷಕ್ಕೆ ಮುಗಿಯುವ ಕೆಲಸವನ್ನು ಶುಹೇಯ್ ತನ್ನ ಪ್ರತಿಭೆಯ ಬಲದಿಂದ ಇಡೀ ಭಾನುವಾರಕ್ಕೆ ಹಿಗ್ಗಿಸಿದ್ದ. ಹೆಣ್ಣು ಕೊಟ್ಟ ಮಾವ ಇವಾಸೆಯವರಿಗೆ ನಿವೃತ್ತಿಯಂದು ಸಿಕ್ಕಿದ್ದ ಗಡಿಯಾರದ ಉಕ್ಕಿನ ಪಟ್ಟಿ ಸಡಿಲವಾಗಿತ್ತು. ಸೈಕಲ್ ಕಡ್ಡಿಯನ್ನು ಉಜ್ಜಿ ತಾನೇ ಮಾಡಿಕೊಂಡ ಸಲಕರಣೆಯಿಂದ ಪಿನ್ನು ಹೊರದೂಡಿ, ಎರಡು ಕೊಂಡಿ ತೆಗೆದು, ಅವನು ಅದನ್ನು ಮತ್ತೆ ಜೋಡಿಸಿದ್ದ.

“ಅಂಗಡಿಯವ್ರಿಗೆ ಇಷ್ಟು ನಾಜೂಕು ಎಲ್ಲಿಂದ ಬರ್ಬೇಕು ಮಾವ,” ಎಂದು ತೊಡಿಸಿಯೂ ಆಗಿತ್ತು.

ಮರುದಿನ ಮಾವನನ್ನು ಶೋದೊ ದ್ವೀಪದ ಅವರ ಮನೆಗೆ ಬಿಡಲು ಇಬ್ಬರೂ ತಕಮತ್ಸು ಬಂದರಿನಲ್ಲಿ ಹಡಗು ಹತ್ತಿದರು. ಶುಹೇಯ್ ನಿನ್ನೆಯ ಸ್ವೆಟರನ್ನೇ ತೊಟ್ಟಿದ್ದ. ತೋಳಿನಲ್ಲಿ ಏನೋ ಚುಚ್ಚಿದಂತಾಗಿ ತಡಕಿದರೆ, ಎಳ್ಳಿಗಿಂತ ಸಣ್ಣ ಉಕ್ಕಿನ ಕೊಳವೆ ಸಿಕ್ಕಿತು. ಪಿನ್ನು ಜಾರದಂತೆ ಕೊಂಡಿಯೊಳಗೆ ಹಿಡಿದಿಡುವ ವಸ್ತು ಅದೊಂದೇ. ಸದ್ಯಕ್ಕೆ ಪಿನ್ನನ್ನು ಹಿಡಿದಿದ್ದುದು ಶುಹೇಯನ ಕೀರ್ತಿ ಮಾತ್ರ.

ಮಾವ ಗಡಿಯಾರವಿದ್ದ ಕೈಯನ್ನೇ ಕಂಬಿಯಾಚೆಗೆ ಚಾಚಿ ದ್ವೀಪಗಳನ್ನು ತೋರಿಸುತ್ತಿದ್ದರು. ಕೆಳಗೆ ಕಡಲು.

“ಮಾವ, ಕೈ ಒಳಗ್ ತಗೊಳ್ಳಿ.”

“ಯಾಕಯ್ಯಾ? ಅಗೋ, ಆ ಕೊನೇದು ನೋಡು.”

ಪಿನ್ನಿನ ತುದಿ ಅರ್ಧ ಅಕ್ಕಿಕಾಳಿನಷ್ಟು ಹೊರಬಂದಿತ್ತು. ‘ನನ್ನಿಂದ ತಪ್ಪಾಯಿತು’ ಎಂಬ ಎರಡು ಪದಗಳು ಸಾಕಾಗುತ್ತಿದ್ದವು. ಅಷ್ಟು ಸಣ್ಣ ಕೆಲಸಕ್ಕೆ ಶುಹೇಯನಲ್ಲಿ ಸಲಕರಣೆ ಇರಲಿಲ್ಲ. ಅವನು ಎರಡೂ ಕೈಗಳಿಂದ ಮಾವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡ. ಹನ್ನೊಂದು ವರ್ಷಗಳ ನಂಟಿನಲ್ಲಿ ಮಾವನ ಕೈ ಹಿಡಿದದ್ದು ಇದೇ ಮೊದಲು.

“ಸಮುದ್ರ ಅಂದ್ರೆ ಭಯಾನಾ?” ಮಾವ ಮೆಲ್ಲಗೆ ಕೇಳಿದರು.

“ಹೂಂ ಮಾವ. ತುಂಬಾ.”

“ಮಗಳು ಹೇಳ್ಲೇ ಇಲ್ವಲ್ಲ.”

ಮಾವ ಕೈ ಬಿಡಿಸಿಕೊಳ್ಳಲಿಲ್ಲ. ಒಂದು ಗಂಟೆ ಕಳೆದು ದ್ವೀಪ ಬಂದಾಗ ಅವರು ಇಳಿಯಲೂ ಇಲ್ಲ.

“ಒಬ್ನೇ ಹೇಗ್ ವಾಪಸ್ ಹೋಗ್ತೀಯ? ನಡಿ, ನಿನ್ ಮನೇವರೆಗೂ ಬಿಟ್ಟೇ ಬರ್ತೀನಿ.”