ಎರಡೂವರೆ ಮಾವಿನಹಣ್ಣು

ಯಾವುದೋ ಹೆಣ್ಣಿನ ದನಿ, ಕನ್ನಡವಲ್ಲ, ಇಂಗ್ಲಿಷಂತೂ ಅಲ್ಲ — ಹಾಕಿಕೊಂಡಿದ್ದ ಭಾವಗೀತೆಗಳು ಮುಗಿದು ಯೂಟ್ಯೂಬ್ ತನ್ನ ಪಾಡಿಗೆ ತಾನು ಏನೋ ಹಚ್ಚಿಬಿಟ್ಟಿದೆ, ಹೆಡ್‌ಫೋನ್ ತೆಗೆಯಲು ಹೋದ ಅಪೂರ್ವ ತೆಗೆಯಲಿಲ್ಲ, ಜಪಾನಿ ಇರಬೇಕು, ಹಳೆಯದು, ಅವಸರವಿಲ್ಲದ ಪಿಯಾನೊ, ಒಂದಕ್ಷರ ತಿಳಿಯದಿದ್ದರೂ ಕೇಳುತ್ತಲೇ ಕೂತಳು, ಅದೂ ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಆಫೀಸಿನಲ್ಲಿ, ಮುಗಿಯದ ಟೆಸ್ಟ್ ರಿಪೋರ್ಟಿನ ಮುಂದೆ. ಕೆಳಗೆ ಯಾರೋ ಪುಣ್ಯಾತ್ಮರು ಅರ್ಥ ಬರೆದಿದ್ದಾರೆ, ಹೋದವನು ಬರುವುದಿಲ್ಲವೆಂದು ಗೊತ್ತಿದ್ದೂ ಸ್ಟೇಷನ್ನಿನಲ್ಲಿ ನಿಂತವಳ ಹಾಡಂತೆ. ಸ್ಟೇಷನ್ನಲ್ಲ, ಏರ್‌ಪೋರ್ಟು, ಎಂದುಕೊಂಡಳು, ಎಂದುಕೊಂಡದ್ದೇ ತಪ್ಪಾಯಿತು, ರಾಘವ ಬಂದು ನಿಂತೇಬಿಟ್ಟ, ಐದು ವರ್ಷದ ಹಿಂದಿನ ಅಡಿಲೇಡ್ ಏರ್‌ಪೋರ್ಟಿನಲ್ಲಿ, ಕಸದ ತೊಟ್ಟಿಯ ಪಕ್ಕ, ಮಾವಿನಹಣ್ಣು ಕಚ್ಚುತ್ತ, ರಸ ಮೊಣಕೈವರೆಗೆ ಇಳಿದು — ಪರ್ತಿನ ವಿಲೆಟನ್ನಿನಲ್ಲಿ ಅವನಿದ್ದ ಬಾಡಿಗೆ ಮನೆಯ ಹಿತ್ತಲಿನವು, ಮೂರು, ಇವಳಿಗೆಂದೇ ಟವೆಲಿನಲ್ಲಿ ಸುತ್ತಿ ತಂದಿದ್ದ, ಹೊರಗಿನ ಹಣ್ಣನ್ನು ಈ ರಾಜ್ಯದೊಳಕ್ಕೆ ಒಯ್ಯುವಂತಿಲ್ಲ ಎಂದು ಇಳಿದ ಮೇಲೆ ಬೋರ್ಡು ನೋಡಿ ತಿಳಿಯಿತಂತೆ. ಬಿಸಾಕೋಕೆ ಮನಸ್ಸು ಬರ್ತಿಲ್ಲ ಕಣೇ, ಎರಡೂವರೆ ಮುಗಿಸಿದೀನಿ, ಈ ಅರ್ಧ ನೀನು ತಿನ್ನು, ಕೈ ಚಾಚಿದ್ದ. ಎಲ್ಲರೂ ನೋಡ್ತಿದಾರೆ ರಾಘು, ಬೋರ್ಡಲ್ಲಿ ತೊಟ್ಟಿಗೆ ಹಾಕಿ ಅಂದಿದಾರೆ, ಹಾಕ್ಬಿಡು.

ಬೋರ್ಡು ಹೇಳಿದಂತೆ ಕೇಳುವ ಹೆಣ್ಣು ಇವಳು. ವೀಸಾಕ್ಕೂ ಹಾಗೆಯೇ, ಮನೆಯಲ್ಲಿ ತಮ್ಮಿಬ್ಬರ ವಿಷಯ ಇನ್ನೂ ಹೇಳಿರಲಿಲ್ಲವೆಂದು ಬೇರೆಬೇರೆಯಾಗಿ ಅರ್ಜಿ ಹಾಕಿದರು, ಇವಳ ಕೆಲಸಕ್ಕೆ ಅಡಿಲೇಡಿನ ರಾಜ್ಯ ಒಪ್ಪಿತು, ಅವನ ಕೆಲಸಕ್ಕೆ ಪರ್ತಿನದು, ಒಪ್ಪಿದ ರಾಜ್ಯದಲ್ಲೇ ಎರಡು ವರ್ಷ ಇರುತ್ತೇನೆಂದು ಇಬ್ಬರೂ ಬರೆದುಕೊಟ್ಟರು, ಎರಡು ವರ್ಷ ತಾನೇ. ಆ ಸಂಜೆ ಪ್ರಾಸ್ಪೆಕ್ಟ್ ರೋಡಿನ ಕೆಫೆಯಲ್ಲಿ ಅವನ ಬೆರಳಿಗೆ ಇನ್ನೂ ಮಾವಿನ ವಾಸನೆ, ಪರ್ತ್‌ಗೆ ಬಂದ್ಬಿಡೇ, ಯಾರೂ ಬಂದು ಚೆಕ್ ಮಾಡಲ್ಲ, ಬರೆದುಕೊಟ್ಟಿದೀನಲ್ಲ ರಾಘು, ಇನ್ನು ಹದಿನಾಲ್ಕೇ ತಿಂಗಳು. ಒಂದು ದಿನವೂ ತಪ್ಪಿಸದೆ ಮುಗಿಸಿದಳು, ಯಾರೂ ಕೇಳಲಿಲ್ಲ, ಭೇಷ್ ಎನ್ನಲೂ ಇಲ್ಲ, ಅಷ್ಟರಲ್ಲಿ ಫೇಸ್‌ಬುಕ್ಕಿನಲ್ಲಿ ಬಾಸಿಂಗ ಕಟ್ಟಿಕೊಂಡ ರಾಘವ, ಪಕ್ಕದಲ್ಲಿ ಮದುವಣಗಿತ್ತಿ ಕವನಾ, ಇವಳು ಬ್ರಿಸ್ಬೇನಿಗೆ ಬಂದಳು, ಅಡಿಲೇಡೂ ಬೇಡ, ಪರ್ತೂ ಬೇಡ.

ಅಪೂರ್ವ, ರಿಪೋರ್ಟ್ ಈ ಆರ್ವೋ, ಸಂಜೆಯೊಳಗೆ, ಕೊಡ್ತೀಯಾ, ಪಕ್ಕದ ಸೀಟಿನ ವರುಣ್, ಕೊಡ್ತೀನಿ ಕೊಡ್ತೀನಿ — ಹಾಡು ಮುಗಿಯಿತು, ಮತ್ತೆ ಮೊದಲಿನಿಂದ ಹಚ್ಚಿದಳು, ಲಿಂಕನ್ನು ಆಗಲೇ ರಾಘವನ ವಾಟ್ಸಾಪಿಗೆ ಅಂಟಿಸಿಯಾಗಿದೆ, ಅದರ ಮೇಲೆ ಅವನ ಹಳೆಯ ಯುಗಾದಿ ಸಂದೇಶ, ನಿಮಗೂ ನಿಮ್ಮ ಕುಟುಂಬಕ್ಕೂ ಶುಭಾಶಯ, ಯಾವ ಕುಟುಂಬವಪ್ಪಾ, ನಿಮಗೆ ಅಂತೆ. ಪರ್ತಿನಲ್ಲಿ ಈಗ ಒಂದು ಗಂಟೆ, ಕವನಾ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿರುತ್ತಾನೆ, ಹಾಡು ಕೇಳಿದರೆ ಅವನಿಗೆ ಅರ್ಥವಾಗುತ್ತದೆ, ಅದೇ ಭಯ, ಅರ್ಥವಾಗಿ ಫೋನ್ ಮಾಡಿದರೆ, ಮಾಡದೇ ಹೋದರೆ, ಹೆಬ್ಬೆರಳು ಕಳಿಸುವ ಬಾಣದ ಗುರುತಿನ ಮೇಲೆಯೇ ಇದೆ, ಮೂರು ವರ್ಷದ ಮಗಳಿದ್ದಾಳೆ ಅವನಿಗೆ, ಲಿಂಕಿನ ಒಂದೊಂದೇ ಅಕ್ಷರ ಅಳಿಸಿದಳು, ಅವನಿನ್ನೂ ತೊಟ್ಟಿಯ ಪಕ್ಕ ನಿಂತಿದ್ದಾನೆ, ನಗುತ್ತ, ಅರ್ಧ ಹಣ್ಣು ಹಿಡಿದು ಚಾಚಿದ ಕೈ, ರಸ ಸುರಿಯುವ ಕೈ, ಬ್ಯಾಗು ತಡಕಿ ಆ ಕೈಗೆ ಇವಳು ಕೊಟ್ಟದ್ದು ಒಂದು ಟಿಷ್ಯೂ, ಕೈ ಒರೆಸ್ಕೋ ಎಂದು, ಒಂದು ಬಿಳಿ ಟಿಷ್ಯೂ