ಯುದ್ಧ ಬಂದಾಗ ಎಬ್ಬಿಸು

ಬನವಾಸಿಯ ಅನಾನಸನ್ನು ಹುಬ್ಬಳ್ಳಿಯಲ್ಲಿ ಇಳಿಸಿ, ಖಾಲಿ ಲಾರಿ ಹೊಡೆದುಕೊಂಡು ಉದಯ ಯಲ್ಲಾಪುರ ತಲುಪುವಾಗ ತಿಂಡಿಯ ಹೊತ್ತು ಮೀರಿತ್ತು. ಗ್ಯಾರೇಜಿನ ಎದುರು ಮಗಳು ಭೂಮಿಕಾ ತಾಯಿಯ ಜೊತೆ ನಿಂತಿದ್ದಳು. ದಿವ್ಯಾ ಅವನಿಂದ ಬೇರೆಯಾಗಿ ತವರು ಸೇರಿದಾಗಲೇ ಮಾತಾಗಿತ್ತು, ತಿಂಗಳಿಗೊಂದು ಭಾನುವಾರ ಮಗಳು ಅಪ್ಪನ ಜೊತೆ ಇರಬೇಕು ಎಂದು.

ದಿವ್ಯಾ ಲಾರಿಯ ಬಾಗಿಲ ಹತ್ತಿರ ಬಂದಳು. "ಒಂದು ವಿಷಯ. ಮುಂದಿನ ತಿಂಗಳಿಂದ ಭಾನುವಾರ ಇವಳಿಗೆ ನವೋದಯ ಪರೀಕ್ಷೆಯ ಕ್ಲಾಸು. ಅಪ್ಪನ ಹತ್ರ ಹೋಗ್ತೇನೆ ಅಂದ್ರೆ ಆ ಒಂದು ದಿನ ಕ್ಲಾಸು ಬಿಡಿಸ್ತೇನೆ. ನೀನೇ ಕೇಳು. ಒತ್ತಾಯ ಮಾತ್ರ ಮಾಡ್ಬೇಡ."

"ಕೇಳ್ತೆ."

"ರಾತ್ರಿ ಮಲಗಿದ್ಯಾ ಇಲ್ವಾ? ಕಣ್ಣು ನೋಡ್ಕೊ."

"ಹುಬ್ಬಳ್ಳೀಲಿ ಒಂಚೂರು ಒರಗಿದ್ದೆ" ಎಂದ. ಒರಗಿರಲಿಲ್ಲ.

ಮೊದಲಾದರೆ ಭೂಮಿಕಾ ಲಾರಿ ಹತ್ತಿದ ಕೂಡಲೇ ಹಾರ್ನ್ ಮೇಲೆ ಕೈಯಿಡುತ್ತಿದ್ದಳು. ಈಗ ಐದನೇ ಕ್ಲಾಸು. ಸೀಟಿನ ಧೂಳು ಒರೆಸಿ ಕೂತು, ಕಿಟಕಿಯ ಗಾಜು ಇಳಿಸಿದಳು.

"ಬಸ್ಸಿಗೆ ಹೋಗೂಕೆ ಆಗ್ತಿರ್ಲಿಲ್ವಾ ಅಪ್ಪಾ?"

"ಇದೂ ಬಸ್ಸೇ. ನೀನೇ ಕಂಡಕ್ಟರು."

ಅವಳು ನಕ್ಕಳು, ನೆಂಟರ ಮನೆಯಲ್ಲಿ ನಗುವ ಹಾಗೆ. ಶಿರಸಿಯವರೆಗೂ ಅವನು ಪ್ರಶ್ನೆಯನ್ನು ಬಾಯಿಯ ತನಕ ತಂದು ವಾಪಸು ಕಳಿಸುತ್ತಿದ್ದ. ಈಗಲೇ ಕೇಳಿ ಅವಳು ಒಲ್ಲೆ ಎಂದರೆ ಉಳಿದ ದಿನವನ್ನು ಹೇಗೆ ಕಳೆಯುವುದು? ಪಿಕ್ಚರ್ ನೋಡಿ ಖುಷಿಯಲ್ಲಿರುವಾಗ ಕೇಳುವುದೇ ಸರಿ ಅನ್ನಿಸಿತು.

ಪಿಕ್ಚರ್ ಅವಳೇ ಕೇಳಿದ್ದು. ರೋಬೋಟುಗಳ ಯುದ್ಧದ ಅನಿಮೇಶನ್, ಕನ್ನಡಕ್ಕೆ ಡಬ್ ಆಗಿದೆ, ಶಿರಸಿಗೆ ಬಂದಿದೆ ಎಂದು ಫೋನಿನಲ್ಲಿ ಹೇಳಿದ್ದಳು. ಎಷ್ಟೋ ತಿಂಗಳಿಂದ ಅವಳು ಅವನ ಹತ್ತಿರ ಏನನ್ನೂ ಕೇಳಿರಲಿಲ್ಲ. ಆ ಖುಷಿಗೆ ಉದಯ ಮಾಲೀಕರ ಹತ್ತಿರ ಹಗಲಿನ ಬಾಡಿಗೆ ಬೇಡವೆಂದು ಹೇಳಿ ಬಂದಿದ್ದ.

ಶಿರಸಿಯಲ್ಲಿ ಲಾರಿಯನ್ನು ಮಾಲೀಕರ ಅಂಗಳದಲ್ಲಿ ಬಿಟ್ಟು ಇಬ್ಬರೂ ಟಾಕೀಸಿಗೆ ನಡೆದರು. ಗೇಟಿನಲ್ಲಿದ್ದ ಜಟ್ಟಪ್ಪ ಬೀಗವನ್ನೇ ತೆಗೆದಿರಲಿಲ್ಲ.

"ಎಂತ ಡ್ರೈವರ್ರೇ, ಈ ವಯಸ್ಸಲ್ಲಿ ಕಾರ್ಟೂನು?"

"ಮಗಳು ಕರ್ಕೊಂಡು ಬಂದಿದ್ದು. ಅವಳು ಟಿಕೆಟು, ನಾನು ಲಗೇಜು."

"ಇಬ್ರಿಗೆ ಹಾಕೂದಿಲ್ಲ ನೋಡಿ. ಇನ್ನೊಂದು ಸಂಸಾರನಾದ್ರೂ ಬರ್ಲಿ."

ಭೂಮಿಕಾ ಪೋಸ್ಟರಿನ ಕೆಳಗೆ ನಿಂತಳು. ಅದರಲ್ಲಿ ಕೆಂಪು ರೋಬೋಟುಗಳ ಸೈನ್ಯ, ಎದುರಿಗೆ ನೀಲಿ ಸೈನ್ಯ, ನಡುವೆ ಒಡೆದ ಚಂದ್ರ. ರಸ್ತೆಯಲ್ಲಿ ಮಕ್ಕಳನ್ನು ಕರೆದುಕೊಂಡು ಯಾರೇ ಬರಲಿ, ಉದಯ ಅವರ ಕಾಲುಗಳನ್ನೇ ನೋಡುತ್ತಿದ್ದ, ಈ ಕಡೆ ತಿರುಗುತ್ತವೆಯೇ ಎಂದು. ಕೊನೆಗೆ ಸಿದ್ದಾಪುರದ ಕಡೆಯ ಒಂದು ಕುಟುಂಬ ಮಕ್ಕಳ ಸಮೇತ ಬಂತು. ಜಟ್ಟಪ್ಪ ಬೀಗ ತೆಗೆದ.

ಒಳಗೆ ತಂಪಾಗಿತ್ತು, ಕತ್ತಲಿತ್ತು. ಕುರ್ಚಿಗೆ ಬೆನ್ನು ತಾಗಿದ್ದೇ ಉದಯನಿಗೆ ತನ್ನ ದೇಹ ತನ್ನದಲ್ಲ ಅನ್ನಿಸಿತು. ಅವನು ಹುಟ್ಟಿದ್ದು ಸಿದ್ದಾಪುರ ತಾಲೂಕಿನಲ್ಲಿ. ಸಣ್ಣವನಿದ್ದಾಗ ಯಕ್ಷಗಾನದ ಆಟ ನೋಡಲು ಹೋದರೆ ಅಜ್ಜಿ ವೆಂಕಮ್ಮನ ಕಂಬಳಿಯ ತುದಿಯಲ್ಲಿ ಮುದುಡಿ, "ಯುದ್ಧ ಬಂದಾಗ ಎಬ್ಸು" ಎಂದು ಹೇಳಿ ಮಲಗುವುದು ವಾಡಿಕೆ. ಎಲ್ಲ ಮಕ್ಕಳೂ ಹಾಗೇ. ಭಾಗವತರ ಪದ, ಒಡ್ಡೋಲಗ, ಉದ್ದುದ್ದದ ಮಾತು ಎಲ್ಲ ದೊಡ್ಡವರಿಗೆ. ಯುದ್ಧ ಬರುವುದು ಬೆಳಗಿನ ಜಾವಕ್ಕೆ. ಅಷ್ಟರೊಳಗೆ ಒಂದು ಒಳ್ಳೆಯ ನಿದ್ರೆ ಆಗಿರುತ್ತಿತ್ತು. ಚಂಡೆಯ ಸದ್ದು ಏರುವಾಗ ಅಜ್ಜಿ ಕಿವಿ ಹಿಡಿದು ಎಬ್ಬಿಸುತ್ತಿದ್ದಳು.

ಪರದೆಯ ಮೇಲೆ ಪಾನ್ ಮಸಾಲೆಯ ಜಾಹೀರಾತು ಬರುತ್ತಿತ್ತು. ಉದಯ ಮಗಳ ಕಡೆ ವಾಲಿದ.

"ಭೂಮಿ, ಯುದ್ಧ ಬಂದಾಗ ಎಬ್ಸು ಹಾಂ."

"ಆತು" ಎಂದಳು.

ಅವನನ್ನು ಎಬ್ಬಿಸಿದ್ದು ಸದ್ದಲ್ಲ. ತೋಳಿನ ಮೇಲೆ ಎರಡು ಬೆರಳು. ಕಣ್ಣು ಬಿಟ್ಟರೆ ಪರದೆಯಲ್ಲಿ ಬೂದಿ ಸುರಿಯುತ್ತಿತ್ತು. ಕೈಯಿಲ್ಲದ ಒಂದು ಕೆಂಪು ರೋಬೋಟು, ಒಂದೇ ಕಣ್ಣಿನ ಒಂದು ಪುಟ್ಟ ನೀಲಿ ರೋಬೋಟು, ಮುರಿದ ತೊಟ್ಟಿಯಂಥದ್ದರ ಮೇಲೆ ಅಕ್ಕಪಕ್ಕ ಕೂತಿದ್ದವು. ಮಾತಿಲ್ಲ. ಪುಟ್ಟದು ತನ್ನ ಎದೆಯಿಂದ ಒಂದು ಬೆಳಕನ್ನು ಬಿಚ್ಚಿ ಕೆಂಪಿನ ಎದೆಯೊಳಗೆ ಇಟ್ಟಿತು. ಕೆಂಪು ಎದ್ದು ನಡೆದುಹೋಯಿತು. ಪುಟ್ಟದರ ಕಣ್ಣು ನಿಧಾನವಾಗಿ ಆರಿತು. ಹೆಸರುಗಳು ಮೇಲೇರತೊಡಗಿದವು. ಜಟ್ಟಪ್ಪ ಬಾಗಿಲು ತೆಗೆದಾಗ ಬಿಸಿಲು ಪರದೆಯ ಮೇಲೆ ಬಿತ್ತು.

ಆಚೆ ಬಂದ ಮೇಲೆ ಉದಯ ಹೋಟೆಲಿನಲ್ಲಿ ಅವಳಿಗೆ ಮಸಾಲೆದೋಸೆ ಹೇಳಿದ. ಅವಳು ಅದರ ಗರಿಗರಿ ಅಂಚನ್ನು ಮುರಿದು ಮೊದಲು ತಿಂದಳು. ಅದು ಮಾತ್ರ ಹಳೆಯ ಭೂಮಿಕಾಳದೇ.

ಯಲ್ಲಾಪುರದ ಬಸ್ಸು ಶಿರಸಿ ದಾಟಿದ ಮೇಲೆ ಕೇಳಿದ. "ಯುದ್ಧ ಬಂದಾಗ ಎಬ್ಸು ಅಂದಿದ್ದೆ ಅಲ್ವನೇ?"

"ಶುರುವಿಂದ್ಲೇ ಯುದ್ಧ ಅಪ್ಪಾ. ಹೆಸರು ತೋರಿಸೂಕೆ ಮೊದ್ಲೇ. ಕೊನೇ ತನಕ ಅದೇ."

"ಹಾಗಾದ್ರೆ ಎಬ್ಸೂದಲ್ವಾ?"

"ಎಬ್ಸೂಕೆ ನೋಡಿದೆ. ನೀನು ನಿದ್ರೇಲಿ ಸ್ಟೇರಿಂಗ್ ತಿರುಗಿಸ್ತಿದ್ದೆ." ಅವಳು ಎರಡೂ ಕೈಯೆತ್ತಿ ತೋರಿಸಿದಳು, ದೊಡ್ಡ ತಿರುವಿನಲ್ಲಿ ಅವನು ಲಾರಿಯನ್ನು ಎಳೆಯುವ ಹಾಗೇ. "ಒಂದು ಸಲ ಕಾಲಲ್ಲಿ ಬ್ರೇಕೂ ಹಾಕಿದೆ. ಮುಂದಿನ ಕುರ್ಚಿಯ ಹುಡುಗಿ ತಿರುಗಿ ನೋಡಿದ್ಲು. ಅದಕ್ಕೆ ಯುದ್ಧ ನಿಂತ ಮೇಲೆ ಎಬ್ಸಿದೆ."

"ಹೋಗ್ಲಿ, ಕತೆ ಹೇಳು."

ಅವಳು ಹೇಳಿದಳು. ಆ ಗ್ರಹದಲ್ಲಿ ಮನುಷ್ಯರು ಯಾರೂ ಉಳಿದಿಲ್ಲ. ಯುದ್ಧ ಶುರು ಮಾಡಿದವರು ಎಂದೋ ಹೊರಟುಹೋಗಿದ್ದಾರೆ. ನಿಲ್ಲಿಸಿ ಎಂದು ಹೇಳುವುದನ್ನು ಮರೆತು ಹೋಗಿದ್ದಾರೆ. ರೋಬೋಟುಗಳು ಬೆಳಗಾದರೆ ಎದ್ದು ಯುದ್ಧಕ್ಕೆ ಹೋಗುತ್ತವೆ, ಸಂಜೆ ತಮ್ಮ ಕೈಕಾಲುಗಳನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. "ಎಲ್ಲ ನಿಮ್ಮ ಯಕ್ಷಗಾನದ ಥರ ಮಾತಾಡ್ತವೆ ಅಪ್ಪಾ. ಎಲವೋ ನೀಲವರ್ಣದವನೇ, ನಿಲ್ಲು ಅಂತ." ಈ ಸಲದ ನಗು ನೆಂಟರ ಮನೆಯದಾಗಿರಲಿಲ್ಲ. ಉದಯನೂ ನಕ್ಕ. ಕೇಳಲು ಇದೇ ಸಮಯ ಅನ್ನಿಸಿತು.

"ಮುಂದಿನ ತಿಂಗಳಿಂದ ಕ್ಲಾಸಂತೆ. ಅಮ್ಮ ಹೇಳಿದ್ಲು."

"ಹೂಂ."

"ಒಂದು ಭಾನುವಾರ ಬಿಡಿಸ್ತಾಳಂತೆ. ಬರ್ತೀಯಾ?"

ಭೂಮಿಕಾ ಮುಂದಿನ ಸೀಟಿನ ಕಬ್ಬಿಣದ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಕ್ಲಾಸಿಗೇ ಹೋಗ್ತೇನೆ ಅಪ್ಪಾ."

"ಆತು. ಓದೂದು ಮುಖ್ಯ."

"ಓದೂಕಲ್ಲ." ಅವಳು ಅವನ ಮುಖ ನೋಡಲಿಲ್ಲ. "ನಾನು ಬಂದ್ರೆ ನೀನು ಮಲಗೂದೇ ಇಲ್ಲ. ರಾತ್ರಿ ಮತ್ತೆ ಲೋಡು ಹೋಗ್ತದೆ. ಲಾರಿ ಹೊಡೀತಾ ಹಾಗೆ ನಿದ್ರೆ ಬಂದ್ರೆ? ಅಲ್ಲಿ ಯಾರು ಎಬ್ಸೂದು?"

"ಬರೂದಿಲ್ಲ ಮಾರಾಯ್ತಿ. ಎಷ್ಟು ವರ್ಷ ಆತು ಹೊಡೀಲಿಕ್ಕೆ ಹಿಡಿದು."

"ಪಿಕ್ಚರಲ್ಲೂ ಯುದ್ಧಕ್ಕೆ ಏಳ್ತೇನೆ ಅಂದ್ಕೊಂಡೇ ಅಲ್ವಾ ಮಲಗಿದ್ದು? ಎದ್ಯಾ?"

ನೀನಿಲ್ಲದ ಭಾನುವಾರ ನನಗೆ ನಿದ್ರೆ ಹತ್ತುವುದಿಲ್ಲ ಎಂದು ಅವನು ಹೇಳಬಹುದಿತ್ತು. ಹಾಗೆಂದರೆ ಅವಳು ಕ್ಲಾಸು ಬಿಟ್ಟು ಬರುತ್ತಾಳೆ, ಬಂದು ಅವನ ಕಣ್ಣುಗಳನ್ನೇ ಕಾಯುತ್ತ ಕೂರುತ್ತಾಳೆ. ಒತ್ತಾಯ ಮಾಡಬೇಡ ಎಂದು ದಿವ್ಯಾ ಹೇಳಿದ್ದು ಇಂಥದ್ದಕ್ಕೇ ಇರಬೇಕು. ಅವನು ಸುಮ್ಮನೆ ಅವಳ ಜಡೆಯ ತುದಿಯಲ್ಲಿ ಸಡಿಲವಾಗಿದ್ದ ರಬ್ಬರನ್ನು ಇನ್ನೊಂದು ಸುತ್ತು ಸುತ್ತಿದ.

ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ದಿವ್ಯಾ ಕಾಯುತ್ತಿದ್ದಳು.

"ಹೇಗಿತ್ತೇ ಪಿಕ್ಚರು? ಅಪ್ಪ ಗೊರಕೆ ಹೊಡೆದ್ನಾ?"

"ಇಲ್ಲ" ಎಂದಳು ಭೂಮಿಕಾ. "ಇಬ್ರೂ ನೋಡಿದ್ವಿ."

ದಿವ್ಯಾ ಉದಯನ ಮುಖ ನೋಡಿದಳು. "ಕೇಳಿದ್ಯಾ?"

"ಕ್ಲಾಸಿಗೆ ಹೋಗ್ತಾಳೆ" ಎಂದ. "ಚೆನ್ನಾಗಿ ಓದ್ಲಿ."

ಭೂಮಿಕಾ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು. ಕೈ ಬೀಸಲಿಲ್ಲ. ಅವನ ತೋಳಿನ ಮೇಲೆ, ಟಾಕೀಸಿನಲ್ಲಿ ಎಬ್ಬಿಸಿದ ಜಾಗದಲ್ಲೇ, ಎರಡು ಬೆರಳು ಒತ್ತಿ ಹೋದಳು.

ಶಿರಸಿಗೆ ವಾಪಸು ಹೋಗುವ ಬಸ್ಸು ಹೆಚ್ಚು ಕಡಿಮೆ ಖಾಲಿ ಇತ್ತು. ಕಂಡಕ್ಟರ್ ಗಿರೀಶ ಪರಿಚಯದವನು. ಟಿಕೆಟು ಹರಿದು ಕೊಡುತ್ತ ಉದಯನ ಕಣ್ಣು ನೋಡಿದ.

"ಕಾಲು ಚಾಚಿ ಮಲ್ಕೊ ಮಾರಾಯ. ಶಿರಸಿ ಬಂದಾಗ ಎಬ್ಬಿಸ್ತೆ."

ಉದಯ ಕಾಲು ಚಾಚಿದ. ಕಣ್ಣು ಮುಚ್ಚಿದ. ಪುಟ್ಟ ರೋಬೋಟು ಕತ್ತಲಲ್ಲಿ ಕೂತೇ ಇತ್ತು, ಎದ್ದು ಹೋದದ್ದರ ಹೆಜ್ಜೆ ಇನ್ನೂ ಕೇಳುತ್ತಿದೆಯೇನೋ ಎಂಬ ಹಾಗೆ. ಪ್ರತಿ ತಿರುವೂ ಬರುವ ಮೊದಲೇ ಅವನ ಕೈಗೆ ಗೊತ್ತಾಗುತ್ತಿತ್ತು. ಶಿರಸಿ ಬಂದಾಗ ಅವನನ್ನು ಎಬ್ಬಿಸಬೇಕಾಗಿ ಬರಲಿಲ್ಲ.